ವ್ಯಾಧಿಕಥನವೂ ಅದರ ರೂಪಕವೂ

ನಟ ರಾಬಿನ್ ವಿಲಿಯಮ್ಸ್ ಅವರು 2014ರ ಆಗಸ್ಟಿನಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ನಿಧನರಾದರು. ಅವರ ಪತ್ನಿ ಸೂಸನ್ ಶ್ನೈಡರ್ ವಿಲಿಯಮ್ಸ್ ಅವರು 2016ರಲ್ಲಿ 'ನ್ಯೂರಾಲಜಿ' ಎಂಬ ವೈದ್ಯಪತ್ರಿಕೆಯಲ್ಲಿ ನರರೋಗತಜ್ಞರನ್ನು ಉದ್ದೇಶಿಸಿ ಬರೆದ ಲೇಖನವು ಸಾಹಿತ್ಯವಿದ್ಯಾರ್ಥಿಗಳ ಪರಿಶೀಲನೆಗೂ ಅರ್ಹವಾದುದೆಂದು ನಾವು ಭಾವಿಸುತ್ತೇವೆ. ಪತಿಯ ಮಿದುಳಿನೊಳಗೆ ಒಬ್ಬ ಭಯೋತ್ಪಾದಕನಿದ್ದನೆಂದು ಅದರ ಶೀರ್ಷಿಕೆ ಹೇಳುತ್ತದೆ. ಮರಣೋತ್ತರ ಪರೀಕ್ಷೆಯಿಂದ ತಿಳಿದುಬಂದ ಆ ವ್ಯಾಧಿ ಲೆವಿ ಬಾಡಿ ಡಿಮೆನ್ಷಿಯ.

ಲೇಖನದ ಮುಖ್ಯ ಗುಣವಿರುವುದು ನಿರೂಪಣೆಯ ಕ್ರಮದಲ್ಲಿ. ಮಲಬದ್ಧತೆ, ನಿದ್ರಾಹೀನತೆ, ಘ್ರಾಣಶಕ್ತಿಯ ಕುಂದು, ಎಡಗೈಯ ನಡುಕ, ಮಿತಿಮೀರಿದ ಭಯ: ಇವು ಪರಸ್ಪರ ಸಂಬಂಧವೇ ಇಲ್ಲದಂತೆ ತೋರಿ ಮರೆಯಾಗುತ್ತವೆ. 2011ರಲ್ಲಿ ರಂಗದ ಮೇಲೆ ನೂರಾರು ಮಾತುಗಳನ್ನು ತಪ್ಪಿಲ್ಲದೆ ಒಪ್ಪಿಸಿದ ನಟನಿಗೆ 2014ರ ಚಿತ್ರೀಕರಣದಲ್ಲಿ ಒಂದು ಮಾತೂ ನೆನಪಿನಲ್ಲಿ ನಿಲ್ಲದು. ಪಾರ್ಕಿನ್ಸನ್ ಕಾಯಿಲೆಯೆಂದು ವೈದ್ಯರು ನಿರ್ಣಯಿಸಿದರೂ ಸಂಶಯ ತೀರುವುದಿಲ್ಲ. ಅಂದಿನ ಅಜ್ಞಾನವನ್ನು ಲೇಖಕಿ ಇಂದಿನ ತಿಳಿವಿನಿಂದ ಮುಚ್ಚಿಲ್ಲ. ವ್ಯಾಧಿಯ ಸ್ವರೂಪವೂ ಇಂತಹುದೇ. ಏರಿಳಿಯುವ ಎಚ್ಚರ, ಇಲ್ಲದುದನ್ನು ಕಾಣುವುದು, ಕನಸಿಗನುಗುಣವಾಗಿ ನಿದ್ರೆಯಲ್ಲಿ ಕೈಕಾಲಾಡಿಸುವುದು, ಅಂಗಗಳ ಬಿಗಿತ: ಇವು ಅದರ ಪ್ರಧಾನ ಲಕ್ಷಣಗಳು. ಆರಂಭದಲ್ಲಿ ಸ್ಮರಣಶಕ್ತಿ ಬಹುಮಟ್ಟಿಗೆ ಉಳಿದಿರಬಹುದು. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನಂಬಿ ಮರೆವನ್ನೇ ಅರಸುವವರಿಗೆ ಈ ವ್ಯಾಧಿಯು ಗೋಚರಿಸುವುದಿಲ್ಲ.

ನಮ್ಮ ಆಕ್ಷೇಪಣೆಯಿರುವುದು ಶೀರ್ಷಿಕೆಯ ರೂಪಕದ ವಿಷಯದಲ್ಲಿ. ಭಯೋತ್ಪಾದಕನೆಂದರೆ ಹೊರಗಿನಿಂದ ನುಸುಳಿದವನು, ಪ್ರಹರಿಸಿ ಅಡಗಿಸಬೇಕಾದವನು. ಇಲ್ಲಿಯಾದರೋ ನರಕೋಶಗಳಲ್ಲಿ ಗಂಟುಗಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಮಿದುಳಿನದೇ ಪ್ರೋಟೀನು. ರೂಪಕವನ್ನು ಲೇಖನವೇ ಅಲ್ಲಗಳೆಯುತ್ತದೆ. ಭಯಶಮನಕ್ಕೆಂದು ಕೊಟ್ಟ ಚಿತ್ತವಿಕಾರದ ಔಷಧವು ಸ್ವಲ್ಪ ಹಿತವನ್ನೂ ಹೆಚ್ಚು ಅಹಿತವನ್ನೂ ಮಾಡಿತು. ಅಂತಹ ಔಷಧಗಳು ಈ ರೋಗಿಗಳಿಗೆ ಅನೇಕವೇಳೆ ಹಾನಿಕರವೆಂಬುದನ್ನು ಲೇಖಕಿ ಅರಿತದ್ದು ಪತಿಯ ಮರಣಾನಂತರ. ವ್ಯಾಧಿಯನ್ನು ಗುಣಪಡಿಸುವ ಮದ್ದಿಲ್ಲ. ರಿವಾಸ್ಟಿಗ್ಮಿನ್‌ನಂತಹ ಔಷಧದಿಂದ ಬುದ್ಧಿಗೆ ಕೊಂಚ ಸ್ಥಿಮಿತ ಬರಬಹುದು. ಉಳಿದುದು ಆರೈಕೆಯ ಕೆಲಸ. ರೋಗಿಗೆ ಕಾಣುವುದನ್ನು ವಾದದಿಂದ ಇಲ್ಲವಾಗಿಸಲಾಗದು, ಅವನ ಭಯವನ್ನು ಸಾಂತ್ವನದಿಂದ ತಗ್ಗಿಸಬಹುದು. ಇದು ಯುದ್ಧದ ಭಾಷೆಗೆ ಒಗ್ಗುವ ಸಂಗತಿಯಲ್ಲ.

ಈ ದೋಷವಿದ್ದರೂ ಲೇಖನದ ಒಂದು ಸಂದರ್ಭವು ನಮ್ಮ ಮನಸ್ಸಿನಲ್ಲಿ ನಿಲ್ಲುತ್ತದೆ. ಇಲ್ಲದುದು ಕಾಣುತ್ತದೆಂದು ರಾಬಿನ್ ಎಂದೂ ಹೇಳಿರಲಿಲ್ಲ. ಅವರಿಗೆ ಪ್ರಾಯಶಃ ಹಾಗೆ ಕಂಡಿತ್ತು, ಅದನ್ನು ತಮ್ಮಲ್ಲೇ ಅಡಗಿಸಿಕೊಂಡಿದ್ದರು ಎಂಬುದು ಒಂದು ವರ್ಷದ ತರುವಾಯ, ವೈದ್ಯರೊಬ್ಬರೊಡನೆ ಮಾತನಾಡುವಾಗ, ಪತ್ನಿಗೆ ಹೊಳೆಯಿತು. ಪಕ್ಕದಲ್ಲಿದ್ದವರು ಕೇಳದೆ ರೋಗಿಯು ಹೇಳದ ಮಾತೊಂದಿರುತ್ತದೆ. ಅದನ್ನು ಮೃದುವಾಗಿ, ಕಾಲದಲ್ಲಿ ಕೇಳಬೇಕೆಂಬುದೇ ಈ ಬರಹದಿಂದ ನಾವು ಪಡೆಯುವ ಪಾಠ.