ನಸ್ರೀನರ ಗೆರೆಗಳಿಗೆ ಅನುಕಂಪ ಬೇಕಿಲ್ಲ

ಚಿತ್ರಕಲಾವಿದೆ ನಸ್ರೀನ್ ಮೊಹಮದಿ (1937–1990) ಅವರಿಗೆ ಬದುಕಿದ್ದಾಗ ಸಿಗದ ಮನ್ನಣೆ ಈಗ ಧಾರಾಳವಾಗಿ ಸಿಗುತ್ತಿದೆ. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಕಲಾ ಸಂಗ್ರಹಾಲಯ ಬಾಗಿಲು ತೆರೆದಾಗ ಅಲ್ಲಿದ್ದ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದು. ಆದರೆ ಮನ್ನಣೆಯ ಬೆನ್ನಿಗೇ ಒಂದು ಕಥೆಯೂ ಅಂಟಿಕೊಂಡು ಬಂದಿದೆ: ನರರೋಗದಿಂದ ದೇಹ ಹತೋಟಿ ತಪ್ಪುತ್ತಿತ್ತು, ಅದಕ್ಕೆ ಉತ್ತರವಾಗಿ ಆಕೆ ಕದಲದ ಗೆರೆ ಎಳೆದರು. ಕರುಳು ಹಿಂಡುವ ಈ ಕಥೆಯಿಂದಾಗಿ ಚಿತ್ರಗಳನ್ನು ಯಾರೂ ಸರಿಯಾಗಿ ನೋಡುತ್ತಿಲ್ಲ.

ಎಪ್ಪತ್ತರ ದಶಕದವೆನ್ನಲಾಗುವ ಶಾಯಿ–ಪೆನ್ಸಿಲ್ ಚಿತ್ರಗಳ ಹತ್ತಿರ ಹೋಗಿ ನಿಲ್ಲಿ. ಕೂದಲೆಳೆಯಷ್ಟು ತೆಳುವಾದ ಅಡ್ಡಗೆರೆಗಳು ಒಂದೆಡೆ ಒತ್ತಾಗಿ ಸೇರಿ ಕಪ್ಪಾಗುತ್ತವೆ. ಇನ್ನೊಂದೆಡೆ ಬಿಡಿಬಿಡಿಯಾಗಿದ್ದು, ನಡುವೆ ಕಾಗದದ ಬಿಳುಪು ನುಗ್ಗುತ್ತದೆ. ಓರೆಗೆರೆಯೊಂದು ಹಾದುಹೋದಲ್ಲಿ ಇಡೀ ಹಾಸು ಬಾಗಿದಂತೆ ಕಾಣುತ್ತದೆ, ಬಾಗಿರುವುದಿಲ್ಲ. ಗೆರೆ ನೇರವಾಗಲು ಡ್ರಾಫ್ಟಿಂಗ್ ಉಪಕರಣ ಸಾಕು. ಮುಂದಿನ ಗೆರೆ ಎಷ್ಟು ದೂರದಲ್ಲಿ ಬೀಳಬೇಕು, ಎಷ್ಟು ದಪ್ಪವಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಸ್ಕೇಲೂ ಹೇಳಿಕೊಡುವುದಿಲ್ಲ. ಶಾಯಿ ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅನಿಶ್ಚಿತತೆ ಇರುವುದು ಈ ಅಂತರಗಳಲ್ಲಿ. ನಸ್ರೀನ್ ಅದನ್ನು ಗೆಲ್ಲಲು ಹೋಗುವುದಿಲ್ಲ. ಪ್ರತಿ ಗೆರೆಯಲ್ಲೂ ಹೊಸದಾಗಿ ಎದುರಿಸುತ್ತಾರೆ.

ಇಷ್ಟು ಕಣ್ಣೆದುರಿಗಿದ್ದರೂ ವಿಮರ್ಶಕರು ಆಸ್ಪತ್ರೆಯ ಚೀಟಿ ಹುಡುಕುತ್ತಾರೆ. ನಸ್ರೀನ್ ಬಹುಪಾಲು ಚಿತ್ರಗಳಿಗೆ ಹೆಸರನ್ನೂ ಇಡಲಿಲ್ಲ, ತಾರೀಖನ್ನೂ ಹಾಕಲಿಲ್ಲ. ಹಾಗಿರುವಾಗ ದಟ್ಟ ಚಿತ್ರ ಮೊದಲು, ವಿರಳ ಚಿತ್ರ ಆಮೇಲೆ ಎಂದು ಸಾಲಾಗಿ ಜೋಡಿಸಿ, ಪಕ್ಕದಲ್ಲಿ ರೋಗದ ಏರಿಕೆಯನ್ನಿಟ್ಟು, ಒಂದರಿಂದ ಇನ್ನೊಂದನ್ನು ಸಾಬೀತು ಮಾಡುವುದು ಯಾವ ನ್ಯಾಯ? ಕಲಾವಿಮರ್ಶಕಿ ಗೀತಾ ಕಪೂರ್ ನಸ್ರೀನ್ ಬಗ್ಗೆ ಶೋಕಗೀತೆಯಂತೆ ಬರೆದರು. ಆಪ್ತ ಗೆಳತಿಯ ದುಃಖಕ್ಕೆ ಆ ಹಕ್ಕಿದೆ. ಆಮೇಲೆ ಬಂದವರು ಶೋಕವನ್ನೇ ವಿಮರ್ಶೆಯ ದಾರಿ ಮಾಡಿಕೊಂಡರು. ಡೈರಿಗಳನ್ನು ಬಗೆಯುವವರಿಗೂ ಒಂದು ಮಾತು: ಅಲ್ಲಿ ತಾನೇ ಬರೆದ ಸಾಲುಗಳ ಮೇಲೆ ನಸ್ರೀನ್ ಶಾಯಿಯ ಪಟ್ಟಿ ಎಳೆದು ಮುಚ್ಚಿದ್ದಾರೆ. ಮುಚ್ಚಿದ್ದನ್ನು ಬಿಟ್ಟು ಪಟ್ಟಿಗಳನ್ನು ನೋಡುವುದು ಮರ್ಯಾದೆ. ಅಮೆರಿಕದ ಅಮೂರ್ತ ಚಿತ್ರಕಲಾವಿದೆ ಆಗ್ನೆಸ್ ಮಾರ್ಟಿನ್ ಜೊತೆಗಿನ ಹೋಲಿಕೆಯೂ ಗ್ರಿಡ್‌ನಿಂದಾಚೆ ಸಾಗದು: ಮಾರ್ಟಿನ್ನರ ಪೆನ್ಸಿಲ್ ಗೆರೆ ಕ್ಯಾನ್ವಾಸಿನ ನೇಯ್ಗೆಯ ಮೇಲೆ ನಡುಗಿ ಕೈಯನ್ನು ತೋರಿಸುತ್ತದೆ, ನಸ್ರೀನರ ಗೆರೆ ಕೈಯನ್ನು ಅಡಗಿಸುತ್ತದೆ.

ರೋಗ ನಿಜ, ನೋವೂ ನಿಜ. ಓರೆಗೆರೆಗಳು ಗಾಳಿಯಲ್ಲಿ ತೇಲುವ ಕೆಲವು ಚಿತ್ರಗಳು ಬರೀ ಅಂದಕ್ಕೆ ವಾಲಿವೆ ಎಂದೂ ಒಪ್ಪುತ್ತೇನೆ. ಆದರೆ ಬರೋಡಾದಲ್ಲಿ ಭೂಪೇನ್ ಖಖ್ಖರ್, ಗುಲಾಮ್ ಮೊಹಮ್ಮದ್ ಶೇಖ್ ಮುಂತಾದ ಚಿತ್ರಕಾರರ ಕಥನಚಿತ್ರ ಬೆಳೆಯುತ್ತಿದ್ದ ಕಾಲದಲ್ಲಿ, 1972ರಿಂದ ಅಲ್ಲೇ ಪಾಠ ಹೇಳುತ್ತ ಮನುಷ್ಯಾಕೃತಿಯೇ ಇಲ್ಲದ ಕಾಗದಕ್ಕೆ ಕಚ್ಚಿಕೊಂಡದ್ದು ಯಾವ ರೋಗದ ಲಕ್ಷಣ? ಅದು ಕಲಾವಿದೆಯ ಹಟ, ಬುದ್ಧಿಯ ಆಯ್ಕೆ. ಆ ಬುದ್ಧಿಗೆ ಸಲ್ಲಬೇಕಾದ ಗೌರವವನ್ನು ಅನುಕಂಪದ ಲೆಕ್ಕಕ್ಕೆ ಬರೆಯುವ ವಿಮರ್ಶೆ ನಸ್ರೀನರನ್ನು ದೊಡ್ಡವರನ್ನಾಗಿ ಮಾಡುತ್ತಿಲ್ಲ, ಕುಗ್ಗಿಸುತ್ತಿದೆ.