ಬಂದುಹೋಗುವ ದೋಷದ ಬೆನ್ನು ಹತ್ತಿ

ಹಳೆಯ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಪೂರ್ತಿ ಕೆಟ್ಟು ನಿಂತರೆ ಕಾರಣ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಬೆಳಿಗ್ಗೆ ಚೆನ್ನಾಗಿ ಓಡಿ, ಮಧ್ಯಾಹ್ನದ ಬಿಸಿಲಲ್ಲಿ ಸಿಗ್ನಲ್ ದಾಟುವಾಗ ಕೈಕೊಟ್ಟು, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದೊಡನೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುವ ಗೇರ್‌ಬಾಕ್ಸೇ ಮೆಕ್ಯಾನಿಕ್‌ನ ವಿದ್ಯೆಯನ್ನು ನಿಜವಾಗಿ ಒರೆಗೆ ಹಚ್ಚುತ್ತದೆ. ಇದನ್ನು ವಿವರವಾಗಿ ನೋಡಲು ಮರ್ಸಿಡಿಸ್-ಬೆಂಜ್ 1996ರಲ್ಲಿ ಬಳಕೆಗೆ ತಂದ, 722.6 ಎಂಬ ಸಂಖ್ಯೆಯಿಂದ ಗುರುತಿಸಲಾಗುವ ಐದು ಗೇರಿನ ಗೇರ್‌ಬಾಕ್ಸ್ ತಕ್ಕ ಉದಾಹರಣೆ. ಆ ಕಾಲದ ಇ-ಕ್ಲಾಸ್, ಸಿ-ಕ್ಲಾಸ್ ಮತ್ತು ಎಸ್-ಕ್ಲಾಸ್ ಕಾರುಗಳಲ್ಲಿ ಮಾತ್ರವಲ್ಲದೆ ಮುಂದೆ ಕ್ರೈಸ್ಲರ್ ಮತ್ತು ಜೀಪ್ ವಾಹನಗಳಲ್ಲೂ ಬಳಕೆಯಾದ ಈ ಗೇರ್‌ಬಾಕ್ಸ್ ಯಾಂತ್ರಿಕವಾಗಿ ಬಹಳ ಗಟ್ಟಿಮುಟ್ಟಾದದ್ದು; ಅದರ ತೊಂದರೆಗಳಲ್ಲಿ ಹೆಚ್ಚಿನವು ಹಲ್ಲುಚಕ್ರಗಳಲ್ಲಿ ಹುಟ್ಟುವುದಿಲ್ಲ, ಅವುಗಳಿಗೆ ಅಪ್ಪಣೆ ಕೊಡುವ ವಿದ್ಯುತ್ ವ್ಯವಸ್ಥೆಯಲ್ಲಿ ಹುಟ್ಟುತ್ತವೆ.

ಈ ಗೇರ್‌ಬಾಕ್ಸಿನೊಳಗೆ ಮೂರು ಗ್ರಹಚಕ್ರಗಳಿವೆ, ಎಂದರೆ ನಡುವಿನ ಒಂದು ಹಲ್ಲುಚಕ್ರದ ಸುತ್ತ ಚಿಕ್ಕ ಚಕ್ರಗಳು ಗ್ರಹಗಳಂತೆ ಸುತ್ತುವ ಜೋಡಣೆಗಳಿವೆ. ಅವುಗಳ ಯಾವ ಭಾಗ ತಿರುಗಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಎಣ್ಣೆಯ ಒತ್ತಡದಿಂದ ಹಿಡಿಯುವ ಮೂರು ಕ್ಲಚ್‌ಗಳೂ ಮೂರು ಬ್ರೇಕ್‌ಗಳೂ ನಿರ್ಧರಿಸುತ್ತವೆ. ಆ ಎಣ್ಣೆಗೆ ದಾರಿ ತೋರುವ ಅಚ್ಚಿಗೆ ವಾಲ್ವ್ ಬಾಡಿ ಎಂದು ಹೆಸರು. ಅದರ ಮೇಲೆ ಕುಳಿತ ಸೊಲೆನಾಯ್ಡ್‌ಗಳು, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ಕವಾಟಗಳು, ಗೇರ್‌ಬಾಕ್ಸಿನ ಕಂಪ್ಯೂಟರ್ ಹೇಳಿದಂತೆ ಕೇಳುತ್ತವೆ. ಕಂಪ್ಯೂಟರಿಗೆ ಸಿಕ್ಕ ಮಾಹಿತಿಯಲ್ಲಿ ಎಲ್ಲೋ ಹೊಂದಾಣಿಕೆ ತಪ್ಪಿದೆ ಎನಿಸಿದರೆ ಅದು ಗೇರ್ ಬದಲಿಸುವುದನ್ನೇ ನಿಲ್ಲಿಸುತ್ತದೆ. ಕಾರನ್ನು ನಿಲ್ಲಿಸಿ ಎಂಜಿನ್ ಆರಿಸಿ ಮತ್ತೆ ಹೊರಟರೂ ದೋಷ ಉಳಿದಿದ್ದರೆ ಮುಂದಕ್ಕೆ ಎರಡನೆಯ ಗೇರ್, ಹಿಂದಕ್ಕೆ ರಿವರ್ಸ್ ಇವೆರಡೇ ಸಿಗುತ್ತವೆ. ಲಿಂಪ್ ಮೋಡ್ ಎಂದು ಕರೆಯುವ ಈ ಸ್ಥಿತಿ ಕಾರು ಕುಂಟುತ್ತಲಾದರೂ ಮನೆ ಸೇರಲೆಂದು ಮಾಡಿದ ಏರ್ಪಾಡು. ಅದನ್ನೇ ಕಾಯಿಲೆಯೆಂದು ತಿಳಿದು ಗೇರ್‌ಬಾಕ್ಸನ್ನು ಕೆಳಗಿಳಿಸಲು ಮುಂದಾಗುವುದು ಅವಸರದ ಕೆಲಸ.

ದೋಷ ಬಂದುಹೋಗುತ್ತದೆ ಎಂಬುದೇ ಇಲ್ಲಿ ಮೊದಲ ಸಾಕ್ಷ್ಯ. ಸವೆದ ಕ್ಲಚ್ ಪ್ಲೇಟ್ ಮರುದಿನಕ್ಕೆ ತಾನೇ ದಪ್ಪವಾಗುವುದಿಲ್ಲ. ಆದರೆ ಬಿಸಿಗೆ ಬಿಟ್ಟುಕೊಂಡ ಬೆಸುಗೆ ತಣ್ಣಗಾದಾಗ ಮತ್ತೆ ಕೂಡಿಕೊಳ್ಳಬಲ್ಲದು. ಕಾರು ಕೈಕೊಡುವ ಮುನ್ನ ಏನಾಯಿತೆಂದು ಓಡಿಸಿದವರನ್ನು ಕೇಳಬೇಕಾದದ್ದು ಇದಕ್ಕಾಗಿಯೇ. ವೇಗ ಏರದೆ ಎಂಜಿನ್ನಿನ ಸದ್ದು ಮಾತ್ರ ಏರಿದ್ದರೆ ಕ್ಲಚ್ ಜಾರಿರುವ ಅಥವಾ ಎಣ್ಣೆಯ ಒತ್ತಡ ಇಳಿದಿರುವ ಸಂಶಯಕ್ಕೆ ಎಡೆಯುಂಟು. ಸದ್ದೇ ಏರದೆ, ಒಂದು ಗೇರಿನಲ್ಲಿ ಸಲೀಸಾಗಿ ಹೋಗುತ್ತಿದ್ದ ಕಾರು ಮುಂದಿನ ಗೇರಿಗೆ ಹೋಗಲು ಒಪ್ಪದಿದ್ದರೆ, ಅದೂ ಅರ್ಧ ಗಂಟೆ ಓಡಿದ ಮೇಲೆಯೇ ಹಾಗಾದರೆ, ಕಣ್ಣು ವಿದ್ಯುತ್ತಿನ ಕಡೆಗೆ ಹೊರಳಬೇಕು. ಗ್ಯಾರೇಜಿಗೆ ಬಂದ ಕೂಡಲೇ ಸ್ಕ್ಯಾನರ್ ಜೋಡಿಸಿ ದೋಷದ ಕೋಡ್‌ಗಳನ್ನು ಅಳಿಸಿ ಕಳುಹಿಸುವ ರೂಢಿಯಿದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುನ್ನವೇ ಗುಡಿಸಿ ಸಾರಿಸಿದಂತೆ ಅದು. ಕೋಡ್‌ಗಳನ್ನು ಬರೆದಿಟ್ಟುಕೊಂಡು, ಸ್ಕ್ಯಾನರನ್ನು ಜೋಡಿಸಿಯೇ ಇಟ್ಟು, ದೋಷ ಯಾವ ಬಿಸಿಯಲ್ಲಿ ಬರುತ್ತದೋ ಆ ಬಿಸಿ ಏರುವವರೆಗೆ ಕಾರನ್ನು ಓಡಿಸುವುದೇ ಸರಿಯಾದ ಕ್ರಮ.

ಹಾಗೆ ಓಡಿಸುವಾಗ ಸ್ಕ್ಯಾನರಿನ ಪರದೆಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಎನ್2, ಎನ್3 ಎಂಬ ಎರಡು ಅಂಕಿಗಳನ್ನು. ವಾಲ್ವ್ ಬಾಡಿಯ ಮೇಲೆ ಕೂರುವ ಕಂಡಕ್ಟರ್ ಪ್ಲೇಟ್ ಎಂಬ ಪ್ಲಾಸ್ಟಿಕ್ ಹಲಗೆಯಲ್ಲಿ ಹುದುಗಿರುವ ಎರಡು ಸೆನ್ಸರ್‌ಗಳು ಮೊದಲ ಗ್ರಹಚಕ್ರದ ಎರಡು ಭಾಗಗಳ ವೇಗವನ್ನು ಬೇರೆ ಬೇರೆಯಾಗಿ ಅಳೆಯುತ್ತವೆ. ಎರಡು, ಮೂರು ಮತ್ತು ನಾಲ್ಕನೆಯ ಗೇರುಗಳಲ್ಲಿ ಆ ಎರಡೂ ಭಾಗಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವಸ್ತುವಿನಂತೆ ತಿರುಗುವುದರಿಂದ ಎರಡು ಅಂಕಿಗಳೂ ಸಮವಾಗಿರಲೇಬೇಕು. ಎರಡೂ 2,000ದ ಆಸುಪಾಸಿನಲ್ಲಿ ಜೊತೆಜೊತೆಯಾಗಿ ಏರಿಳಿಯುತ್ತಿದ್ದಾಗ ಒಂದು ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಗಿಳಿದು ಹಿಂತಿರುಗಿದರೆ, ಕಬ್ಬಿಣದ ಚಕ್ರವೊಂದು ಅಷ್ಟು ಹೊತ್ತಿನಲ್ಲಿ ನಿಂತು ಮತ್ತೆ ತಿರುಗಿತೆಂದು ನಂಬಲಾಗದು. ಕೆಟ್ಟಿರುವುದು ಸೆನ್ಸರ್ ಅಥವಾ ಅದರ ತಂತಿ. ಕಾರು ತಣ್ಣಗಿದ್ದಾಗ ಮಲ್ಟಿಮೀಟರ್ ಹಿಡಿದು ಅಳೆದರೆ ಇದು ಸಿಗುವುದೇ ಇಲ್ಲ. ಕಂಡಕ್ಟರ್ ಪ್ಲೇಟನ್ನು ಬದಲಿಸಲು ಕೆಳಗಿನ ಎಣ್ಣೆತಟ್ಟೆಯನ್ನು ಕಳಚಿ ವಾಲ್ವ್ ಬಾಡಿಯನ್ನು ಇಳಿಸಿದರೆ ಸಾಕು, ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ಬೇರ್ಪಡಿಸಬೇಕಿಲ್ಲ ಎಂಬುದು ಹಳೆಯ ಕಾರು ಇಟ್ಟುಕೊಂಡವರಿಗೆ ಸಮಾಧಾನದ ಸಂಗತಿ.

ಆದರೆ ಅದಕ್ಕೂ ಮೊದಲು ಗೇರ್‌ಬಾಕ್ಸಿನ ಪಕ್ಕದಲ್ಲಿರುವ 13 ಪಿನ್ನಿನ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಒಳಗಿನ ಸೆನ್ಸರ್‌ ಮತ್ತು ಸೊಲೆನಾಯ್ಡ್‌ಗಳ ತಂತಿಗಳೆಲ್ಲ ಹೊರಬರುವ ಈ ಬಾಗಿಲನ್ನು ಒಂದು ಪ್ಲಾಸ್ಟಿಕ್ ಬುಷ್, ಅದರ ಮೈಗೆ ತೊಡಿಸಿದ ರಬ್ಬರಿನ ಓ-ರಿಂಗ್‌ಗಳು ಕಾಯುತ್ತವೆ. ವರ್ಷಗಳ ಬಿಸಿಗೆ ರಬ್ಬರ್ ಗಡುಸಾದ ಮೇಲೆ ಎಣ್ಣೆ ಜಿನುಗಿ ಪಿನ್ನುಗಳನ್ನು ತೋಯಿಸುತ್ತದೆ. ಅಲ್ಲಿಗೇ ನಿಲ್ಲದೆ, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ತಂತಿಯ ಎಳೆಗಳ ಸಂದಿನಲ್ಲಿ ಏರುತ್ತಾ ಕೊನೆಗೆ ಕಂಪ್ಯೂಟರಿನ ಸಾಕೆಟ್ಟನ್ನೂ ತಲುಪುತ್ತದೆ. ಆ ಸಾಕೆಟ್ಟಿಗೆ ಒತ್ತಿದ ಬಿಳಿ ಕಾಗದದ ಮೇಲೆ ಎಣ್ಣೆಯ ಕಲೆ ಮೂಡಿದರೆ ಬೇರೆ ಸಾಕ್ಷಿ ಬೇಡ. ಕಡಿಮೆ ಬೆಲೆಯ ಬುಷ್ ಒಂದನ್ನು ಸಕಾಲದಲ್ಲಿ ಬದಲಿಸದೆ ದುಬಾರಿ ಕಂಪ್ಯೂಟರನ್ನು ಕಳೆದುಕೊಂಡ ಕಾರುಗಳು ಜಗತ್ತಿನಾದ್ಯಂತ ಇವೆ.

ಬ್ಯಾಟರಿ ಬಲಹೀನವಾದಾಗಲೂ ಇಂಥವೇ ಲಕ್ಷಣಗಳು ಕಾಣುತ್ತವೆ. ಗೇರ್‌ಬಾಕ್ಸಿನಿಂದ ಹೊರಬರುವ ದಂಡದ ವೇಗವನ್ನು ಅಳೆಯಲು ಒಳಗೆ ಪ್ರತ್ಯೇಕ ಸೆನ್ಸರ್ ಇಲ್ಲದೆ, ಆ ಲೆಕ್ಕ ಎಬಿಎಸ್ ಬ್ರೇಕಿನ ಚಕ್ರ-ಸೆನ್ಸರ್‌ಗಳಿಂದ ಬರುವುದರಿಂದ, ಹಿಂದಿನ ಚಕ್ರದ ಬಳಿ ಕೆಸರು ಮೆತ್ತಿದ ಸೆನ್ಸರ್ ಕೂಡ ಗೇರನ್ನು ತಡೆಹಿಡಿಯಬಲ್ಲದು.

ಎಣ್ಣೆಯ ಮಟ್ಟದ ವಿಷಯ ಹೆಚ್ಚು ಗಮನ ಬೇಡುತ್ತದೆ. ಈ ಗೇರ್‌ಬಾಕ್ಸಿಗೆ ಜೀವಮಾನವಿಡೀ ಎಣ್ಣೆ ಬದಲಿಸಬೇಕಿಲ್ಲವೆಂದು ಮೊದಲು ಹೇಳಲಾಗಿತ್ತು, ಮುಂದೆ ಆ ಮಾತು ಬದಲಾಯಿತು. ಗೇರ್‌ಬಾಕ್ಸಿನಲ್ಲಿ ಎಣ್ಣೆ ಅಳೆಯುವ ಕೊಳವೆಯಿದ್ದರೂ ಡಿಪ್‌ಸ್ಟಿಕ್ ಕಾರಿನ ಜೊತೆ ಬರುವುದಿಲ್ಲ, ಗ್ಯಾರೇಜಿನವರು ಬೇರೆಯಾಗಿ ಇಟ್ಟುಕೊಳ್ಳಬೇಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ಪಾರ್ಕ್ ಸ್ಥಾನದಲ್ಲಿಟ್ಟು, ಎಂಜಿನ್ ಓಡುತ್ತಿರುವಾಗ, ಎಣ್ಣೆ 80 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಅಳೆಯಬೇಕೆಂಬುದು ನಿಯಮ. ಆದರೆ ಉಷ್ಣತೆಯ ಸೆನ್ಸರ್ ಮತ್ತು ಪಾರ್ಕ್-ನ್ಯೂಟ್ರಲ್ ಗುರುತಿಸುವ ಸ್ವಿಚ್ ಒಂದೇ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಪಾರ್ಕ್‌ನಲ್ಲಿರುವಾಗ ಸ್ಕ್ಯಾನರ್ ಎಣ್ಣೆಯ ಉಷ್ಣತೆಯನ್ನು ತೋರಿಸುವುದೇ ಇಲ್ಲ, ಎಂಜಿನ್ ತಂಪುಮಾಡುವ ನೀರಿನ ಉಷ್ಣತೆಯನ್ನು ಅದರ ಜಾಗದಲ್ಲಿಡುತ್ತದೆ. ಇದನ್ನರಿಯದೆ ಆ ಅಂಕಿಯನ್ನು ನಂಬಿದವರು ಇನ್ನೂ ಕಾಯದ ಎಣ್ಣೆಯನ್ನು ಕಾದದ್ದೆಂದು ತಿಳಿದು, ಮಟ್ಟ ಕಡಿಮೆಯೆಂದು ಮೇಲೆ ಸುರಿದುಬಿಡುತ್ತಾರೆ. ಅನುಭವಸ್ಥರು ಬ್ರೇಕ್ ಅದುಮಿ ಗೇರನ್ನು ಡ್ರೈವ್‌ಗೆ ತಂದು ನಿಜವಾದ ಉಷ್ಣತೆಯನ್ನು ಓದಿಕೊಳ್ಳುತ್ತಾರೆ, ಆಮೇಲೆ ಪಾರ್ಕ್‌ಗೆ ಮರಳಿ ನೂಲಿನ ಎಳೆ ಬಿಡದ ಬಟ್ಟೆಯಿಂದ ಡಿಪ್‌ಸ್ಟಿಕ್ಕನ್ನು ಒರೆಸಿ ಕೊಳವೆಗೆ ಇಳಿಸುತ್ತಾರೆ.