ವಿಜ್ಞಾನ ಕಥೆಯ ಮುಂಗಾಣ್ಕೆ: ಯಂತ್ರವೋ, ಮನುಷ್ಯನೋ?

ವಿಜ್ಞಾನ ಕಥಾಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅಂಗೈಯಲ್ಲಿ ಹಿಡಿಯುವ ಮೊಬೈಲ್ ಫೋನ್, ದೂರದವರ ಮುಖವನ್ನು ಕಣ್ಣೆದುರು ತರುವ ವಿಡಿಯೋ ಕರೆ, ಮನೆಮನೆಯ ಗಣಕಯಂತ್ರ ಇವೆಲ್ಲವನ್ನೂ ಕಥೆಗಾರರು ದಶಕಗಳ ಹಿಂದೆಯೇ ಕಂಡಿದ್ದರು ಎಂಬುದು ಆ ಮಾತು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಇದನ್ನೇ ಅಳತೆಗೋಲಾಗಿಸಿಕೊಂಡರೆ ವಿಜ್ಞಾನ ಕಥೆ ಪಂಚಾಂಗವಾಗುತ್ತದೆ. ಹೇಳಿದ್ದು ಫಲಿಸಿತೇ ಇಲ್ಲವೇ ಎಂಬುದರ ಮೇಲೆ ಅದರ ಬೆಲೆ ನಿಂತುಬಿಡುತ್ತದೆ. ಸಾಹಿತ್ಯ ವಿಮರ್ಶೆ ಇಂಥ ಅಳತೆಗೋಲನ್ನು ಎಷ್ಟರಮಟ್ಟಿಗೆ ಒಪ್ಪಬಹುದು ಎಂಬುದು ಪರಿಶೀಲನಾರ್ಹ.

ಮೊದಲನೆಯದಾಗಿ, ಕಥೆ ಮುಂದು, ಯಂತ್ರ ಹಿಂದು ಎಂಬ ಕ್ರಮವೇ ಅನೇಕ ಸಂದರ್ಭಗಳಲ್ಲಿ ನಿಲ್ಲುವುದಿಲ್ಲ. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ದೂರದರ್ಶನ ಧಾರಾವಾಹಿಯಲ್ಲಿ ಮುಚ್ಚಳ ತೆರೆದು ಮಾತನಾಡುವ ಸಾಧನವೊಂದಿದೆ. ಮೊಬೈಲ್ ಫೋನಿನ ಪೂರ್ವರೂಪವೆಂದು ಅದು ಪ್ರಸಿದ್ಧ. ಆದರೆ 1946ರಷ್ಟು ಹಿಂದೆಯೇ 'ಡಿಕ್ ಟ್ರೇಸಿ' ಚಿತ್ರಮಾಲಿಕೆಯ ಪತ್ತೇದಾರ ಮಣಿಕಟ್ಟಿನ ರೇಡಿಯೋದಲ್ಲಿ ಮಾತನಾಡಿದ್ದನು; ಅದಕ್ಕೂ ಮೊದಲು ಎರಡನೆಯ ಮಹಾಯುದ್ಧದ ಸೈನಿಕರು ಕೈಯಲ್ಲಿ ಹಿಡಿಯುವ ರೇಡಿಯೋವನ್ನು ಬಳಸಿದ್ದರು. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಲನಚಿತ್ರದ ವಿಡಿಯೋ ಕರೆಯೂ ಹೀಗೆಯೇ. 1964ರಲ್ಲಿಯೇ ಅಮೆರಿಕದ ಬೆಲ್ ಸಂಸ್ಥೆ 'ಪಿಕ್ಚರ್‌ಫೋನ್' ಬೂತುಗಳನ್ನು ಸಾರ್ವಜನಿಕರಿಗಾಗಿ ತೆರೆದಿತ್ತು. ಚಿತ್ರದಲ್ಲಿ ಕಾಣುವ ಬೂತಿನ ಮೇಲೆಯೂ ಅದೇ ಸಂಸ್ಥೆಯ ಲಾಂಛನವಿದೆ. ಇಲ್ಲೆಲ್ಲ ಕಥೆ ಭವಿಷ್ಯವನ್ನು ಕಂಡಿತು ಎನ್ನುವುದಕ್ಕಿಂತ ಪ್ರಯೋಗಾಲಯದಿಂದ ಸಾಲ ತಂದಿತು ಎನ್ನುವುದೇ ಹೆಚ್ಚು ಸರಿ.

ಈ ಚಿತ್ರಕ್ಕೆ ಸ್ಟಾನ್ಲಿ ಕುಬ್ರಿಕ್‌ನೊಡನೆ ಚಿತ್ರಕಥೆ ಬರೆದ ಆರ್ಥರ್ ಸಿ. ಕ್ಲಾರ್ಕ್‌ನ ನಿದರ್ಶನ ಇನ್ನೂ ಬೋಧಪ್ರದವಾದುದು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಮೂರು ನಿಲ್ದಾಣಗಳಿದ್ದರೆ ಬಹುಮಟ್ಟಿಗೆ ಇಡೀ ಭೂಮಿಗೆ ಪ್ರಸಾರ ಸಾಧ್ಯವೆಂದು ಆತ 1945ರಲ್ಲಿ ವಾದಿಸಿದನು. ಮುಂದೆ 1975-76ರಲ್ಲಿ ಅಂಥದೇ ಕಕ್ಷೆಯ ಅಮೆರಿಕದ ಉಪಗ್ರಹವೊಂದು ಕರ್ನಾಟಕವೂ ಸೇರಿದಂತೆ ಭಾರತದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಆದರೆ ಕ್ಲಾರ್ಕ್ ತನ್ನ ವಾದವನ್ನು ಮಂಡಿಸಿದ್ದು ಕಥೆಯಲ್ಲಲ್ಲ. 'ವೈರ್‌ಲೆಸ್ ವರ್ಲ್ಡ್' ಎಂಬ ತಾಂತ್ರಿಕ ಪತ್ರಿಕೆಯ ಲೇಖನದಲ್ಲಿ, ಲೆಕ್ಕಾಚಾರಗಳ ಸಮೇತ. ಯಂತ್ರದ ಭವಿಷ್ಯವನ್ನು ಹೇಳಬೇಕಾದಾಗ ಕಥೆಗಾರನೇ ಕಥೆಯನ್ನು ಬದಿಗಿರಿಸಿದನೆಂಬುದು ಗಮನಾರ್ಹ.

ಹಾಗಾದರೆ ಕಥೆಗೇ ವಿಶಿಷ್ಟವಾದ ಮುಂಗಾಣ್ಕೆ ಯಾವುದು? ಇದಕ್ಕೆ ಉತ್ತರ ಇ. ಎಂ. ಫಾರ್ಸ್ಟರ್‌ನ 'ದಿ ಮೆಷಿನ್ ಸ್ಟಾಪ್ಸ್' ಕಥೆಯಲ್ಲಿದೆ. ಸಾರ್ವಜನಿಕ ರೇಡಿಯೋ ಪ್ರಸಾರವೂ ಆರಂಭವಾಗಿರದ 1909ರಲ್ಲಿ ಪ್ರಕಟವಾದ ಕಥೆಯಿದು. ಜೇನುಗೂಡಿನ ಕಣದಂಥ ಕೋಣೆಯಲ್ಲಿ ವಾಷ್ಟಿ ಎಂಬ ತಾಯಿ ಒಬ್ಬಳೇ ಇರುತ್ತಾಳೆ. ಅವಳಿಗೆ ಸಾವಿರಾರು ಪರಿಚಿತರು; ಕುರ್ಚಿ ಬಿಟ್ಟೇಳದೆ ಉಪನ್ಯಾಸ ನೀಡುತ್ತಾಳೆ. ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಮಗ ಕೂನೋನ ಮುಖ ಅವಳ ಕೈಯಲ್ಲಿನ ದುಂಡು ಫಲಕದ ಮೇಲೆ ಮೂಡುತ್ತದೆ. ಆ ಫಲಕ ಹೇಗೆ ಕೆಲಸ ಮಾಡುತ್ತದೆಂಬುದು ಫಾರ್ಸ್ಟರ್‌ಗೆ ಮುಖ್ಯವಲ್ಲ. ಯಂತ್ರದ ಮೂಲಕವಲ್ಲದೆ ನೇರವಾಗಿ ನಿನ್ನನ್ನು ಕಾಣಬೇಕೆಂದು ಮಗ ಬೇಡುತ್ತಾನೆ. ಈಗಲೇ ಕಾಣುತ್ತಿರುವೆಯಲ್ಲ ಎಂಬುದು ತಾಯಿಯ ನಿಲುವು. ಮುಖದ ಸೂಕ್ಷ್ಮ ಭಾವಗಳನ್ನು ಫಲಕ ತೋರದು. ಆದರೂ ವ್ಯವಹಾರಕ್ಕೆ ಅಷ್ಟೇ ಸಾಕೆಂದು ಅವಳ ಲೋಕ ತೀರ್ಮಾನಿಸಿಬಿಟ್ಟಿದೆ. ಈ 'ಸಾಕು' ಎಂಬ ಮನೋಧರ್ಮವನ್ನು ಯಾವ ತಾಂತ್ರಿಕ ಲೇಖನವೂ ಗುರುತಿಸಲಾರದು.

ಮರ್ರೇ ಲೀನ್‌ಸ್ಟರ್‌ನ 1946ರ 'ಎ ಲಾಜಿಕ್ ನೇಮ್ಡ್ ಜೋ' ಕಥೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ಗಣಕಯಂತ್ರವೆಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಲೀನ್‌ಸ್ಟರ್ ಅದನ್ನು ಒಂದಕ್ಕೊಂದು ಜೋಡಿಸಿ ಮನೆಗಳೊಳಗೆ ತಂದನು. ಆದರೆ ಕಥೆಯ ಜೀವಾಳ ಇರುವುದು ಕೇಳಿದ್ದಕ್ಕೆಲ್ಲ ಉತ್ತರಿಸುವ ಯಂತ್ರಕ್ಕೆ ಜನ ಏನನ್ನು ಕೇಳುತ್ತಾರೆಂಬುದರಲ್ಲಿ. ಕೊಲೆಯ ಉಪಾಯ, ಕಳವಿನ ದಾರಿ, ನೆರೆಯವರ ಗುಟ್ಟು ಇವೇ ಅಲ್ಲಿನ ಪ್ರಶ್ನೆಗಳಾಗುತ್ತವೆ. ಹೊಸ ಯಂತ್ರದ ಮುಂದೆ ಕುಳಿತ ಹಳೆಯ ಮನುಷ್ಯನೇ ಅಲ್ಲಿನ ವಸ್ತು.

ಫಾರ್ಸ್ಟರ್‌ನ ದರ್ಶನಕ್ಕೆ ಮಿತಿಯಿಲ್ಲವೆಂದಲ್ಲ. ಯಂತ್ರ ಕೆಟ್ಟು ನಿಂತಾಗ ಇಡೀ ನಾಗರಿಕತೆ ಕುಸಿಯುತ್ತದೆ. ತಾಯಿ ಮಗ ಒಂದಾಗುವುದು ಸಾವಿನ ಗಳಿಗೆಯಲ್ಲಿ ಮಾತ್ರ. ಪರದೇಶದ ಮಕ್ಕಳ ಮುಖವನ್ನು ಪರದೆಯ ಮೇಲೆ ಕಂಡು ಸಮಾಧಾನಪಡುವ ತಂದೆತಾಯಂದಿರಿಗೆ ಈ ಕಥೆಯಲ್ಲಿ ಎಡೆಯಿಲ್ಲ. ಆ ಕೊರತೆಯನ್ನು ಕುಬ್ರಿಕ್‌ನ ಚಿತ್ರ ಸ್ವಲ್ಪಮಟ್ಟಿಗೆ ತುಂಬುತ್ತದೆ. ಅಲ್ಲಿ ಅಂತರಿಕ್ಷ ನಿಲ್ದಾಣದಲ್ಲಿರುವ ತಂದೆ ತನ್ನ ಪುಟ್ಟ ಮಗಳಿಗೆ ಹುಟ್ಟುಹಬ್ಬಕ್ಕೆ ಬರಲಾಗದೆಂದು ವಿಡಿಯೋ ಕರೆಯಲ್ಲಿ ತಿಳಿಸುತ್ತಾನೆ. ಬೂತು ಸಾಲ ತಂದದ್ದಾದರೂ ಈ ಸನ್ನಿವೇಶ ಸಾಲದ್ದಲ್ಲ. ಮಗಳು ಕಾಣುತ್ತಾಳೆ, ಮಾತನಾಡುತ್ತಾಳೆ. ತಂದೆ ಮಾತ್ರ ಅವಳ ಬಳಿ ಇಲ್ಲ.

ಕಥೆಯೊಳಗಿನ ಉಪಕರಣಗಳು ಬೇಗ ಹಳೆಯದಾಗುತ್ತವೆ. ಕುಬ್ರಿಕ್‌ನ ಬೂತು ಇಂದು ವಸ್ತುಸಂಗ್ರಹಾಲಯಕ್ಕೆ ತಕ್ಕದ್ದು. ಫಾರ್ಸ್ಟರ್‌ನ ಫಲಕವೂ ವಿಚಿತ್ರವಾಗಿಯೇ ತೋರುತ್ತದೆ. ಕೂನೋನ ಬೇಡಿಕೆ ಮಾತ್ರ ಹಳೆಯದಾಗಿಲ್ಲ. ವಿಜ್ಞಾನ ಕಥೆಯನ್ನು ಬೆಲೆಕಟ್ಟುವ ವಿಮರ್ಶೆ ಉಪಕರಣಗಳ ಪಟ್ಟಿಯನ್ನು ಬಿಟ್ಟು ಇಂಥ ಬೇಡಿಕೆಗಳಿಂದ ಆರಂಭವಾಗುವುದು ಉಚಿತ.